ವಾಪಸ್ ತಂದ ಅಕ್ಕಿ

ಹೊಸ ಅಕ್ಕಿಯ ಚೀಲ ಬಿಚ್ಚಿದ್ದೆ. ಹಸಿ ಹುಲ್ಲಿನಂಥ ಆ ವಾಸನೆ ಮೂಗಿಗೆ ಬಡಿಯುವಷ್ಟರಲ್ಲಿ ಫೋನು ಗುಂಯ್‌ಗುಟ್ಟಿತು. ನಮ್ಮ ಹತ್ತನೇ ತರಗತಿಯವರ ಗುಂಪಿನಲ್ಲಿ ಗುರುವಂದನೆಯ ಆಮಂತ್ರಣ. ಸಿಂಧನೂರಿನ ಕಲ್ಯಾಣ ಮಂಟಪ, ಶಾಲು, ಹಣ್ಣಿನ ಬುಟ್ಟಿ, ಪಾದಪೂಜೆ. ಪಾದ ನಮ್ಮ ಇಂಗ್ಲಿಷ್ ಸರ್ ಅವರದು. ನಿವೃತ್ತರಾಗಿ ಈಗ ಲಿಂಗಸುಗೂರಿನಲ್ಲಿದ್ದಾರೆ. ಫೋಟೊದ ಕೆಳಗೆ ‘ಬಾಳು ಬೆಳಗಿಸಿದ ಜ್ಯೋತಿ’ ಎಂದಿತ್ತು. ಜ್ಯೋತಿ ತಲೆಗೂದಲಿಗೆ ಬಣ್ಣ ಹಚ್ಚುವುದನ್ನು ಇನ್ನೂ ಬಿಟ್ಟಿಲ್ಲ.

ಅದರ ಹಿಂದೆಯೇ ಗೆಳತಿ ಶರಣಮ್ಮನ ಧ್ವನಿ ಸಂದೇಶ: “ಆರತಿ ನೀನ ಎತ್ತಬೇಕು ನೋಡವಾ. ಸರ್‌ಗೆ ನಿನ್ನ ಮ್ಯಾಲೆ ಭಾಳ ಪ್ರೀತಿ ಇತ್ತು.”

ಇತ್ತು. ಎಂಥ ಪ್ರೀತಿಯೆಂದು ಹೇಳುತ್ತೇನೆ, ಕೇಳಿ.

ನಾವು ಬಳಗಾನೂರಿನವರು. ಸುಗ್ಗಿ ಮುಗಿದ ಮೇಲೆ ಮೊದಲ ಐದು ಸೇರು ಅಕ್ಕಿ ಮಾಸ್ತರರ ಮನೆಗೆ ಹೋಗಬೇಕು. ಅವ್ವ ಅದನ್ನು ನನ್ನ ಕೈಯಲ್ಲೇ ಕಳಿಸುತ್ತಿದ್ದಳು. ಇಂಗ್ಲಿಷ್ ಬಲ್ಲವರು ಕೆಟ್ಟವರಾಗಿರಲಾರರು ಎಂದು ಓಣಿಯೇ ನಂಬಿತ್ತು. ನಾನೂ ನಂಬಿದ್ದೆ, ತರಗತಿಗೇ ಜಾಣೆಯಲ್ಲವೇ! “ನೀ ಬ್ಯಾರೆ ಹುಡುಗ್ಯಾರಂಗಲ್ಲ. ಇದು ನಮ್ಮಿಬ್ಬರಿಗೆ ಅಷ್ಟ ಗೊತ್ತಿರಲಿ” ಎಂದು ಸರ್ ಮೊದಲು ಪೆನ್ನು ಕೊಟ್ಟರು. ಆಮೇಲೆ ಚೀಟಿ. ಆಮೇಲೆ ನನ್ನೊಬ್ಬಳಿಗೇ ಟ್ಯೂಷನ್. ಆಮೇಲೆ ಬಾಗಿಲಿಗೆ ಒಳಗಿನಿಂದ ಚಿಲಕ. ನನಗೆ ಹದಿನೈದು. ಒಂದು ವರ್ಷ ಆ ಚಿಲಕ ಬೀಳುತ್ತಲೇ ಇತ್ತು. ಅದರೊಳಗೆ ನಡೆದದ್ದನ್ನು ಅವರು ಪ್ರೀತಿ ಎಂದರು. ಅದು ಅತ್ಯಾಚಾರ ಎಂದುಕೊಳ್ಳಲು ನನಗೆ ಅರ್ಧ ಆಯುಷ್ಯ ಬೇಕಾಯಿತು.

ಮುಂದಿನ ಸುಗ್ಗಿಯಲ್ಲಿ ಅಕ್ಕಿ ಕೊಟ್ಟು ಬಂದವಳೇ ಒಲೆ ಮುಂದೆ ಕೂತು ಅವ್ವನಿಗೆ ಹೇಳಿಬಿಟ್ಟೆ. ಅವ್ವ ಸೌಟು ಕೆಳಗಿಟ್ಟು ಎದ್ದಳು. ನೆಟ್ಟಗೆ ಸರ್ ಅವರ ಅಂಗಳಕ್ಕೆ ಹೋದಳು, ಹಿಂದೆ ನಾನು.

“ನನ್ನ ಅಕ್ಕಿ ನನಗ ಕೊಡ್ರಿ.”

“ಯಾಕವಾ, ಏನಾತು?”

“ಯಾಕಂತ ನಿಮಗ ಗೊತ್ತೈತಿ.”

ಜನ ಕೂಡಿದರು. ಕಾರಣ ಬಾಯಿಬಿಟ್ಟರೆ ಕೆಡುವುದು ನನ್ನ ಹೆಸರು ಎಂದು ಅವ್ವ ತುಟಿ ಕಚ್ಚಿ ನಿಂತಳು. “ಕೊಟ್ಟ ಅಕ್ಕಿ ವಾಪಸ್ ಕೇಳಾಕ ಬಂದಾಳ ನೋಡಲೇ, ದರಿದ್ರದಾಕಿ!” ಎಂದು ಓಣಿ ನಕ್ಕಿತು. “ಹೋಗ್ಲಿ ಬಿಡ್ರಿ, ಬಡವ್ರು” ಎಂದು ಸರ್ ಅಕ್ಕಿಯ ಗಂಟು ಎತ್ತಿಕೊಟ್ಟು ಆ ದಿನವೂ ದೊಡ್ಡ ಮನುಷ್ಯರಾದರು. ಆ ಅಕ್ಕಿಯನ್ನು ಅವ್ವ ಕಾಲುವೆಗೆ ಸುರಿದಳು. ಮರುವಾರ ನನ್ನನ್ನು ಮಸ್ಕಿಯ ಚಿಗವ್ವನ ಮನೆಯಲ್ಲಿ ಬಿಟ್ಟಳು. ಊರಲ್ಲಿ ಮಾತ್ರ ಕೊನೆವರೆಗೂ ಆಕೆ ‘ಅಕ್ಕಿ ಕಸ್ಕೊಂಡಾಕಿ’.

ಮೂರು ತಿಂಗಳ ಹಿಂದೆ ಅವ್ವ ತೀರಿಕೊಂಡಳು. ಮಣ್ಣಿಗೆ ಬಂದವರೊಬ್ಬರು, “ಜೀವ ಒಳ್ಳೇದು, ಕೈ ಅಷ್ಟ ಬಿಗಿ” ಎಂದರು. ನಾನು ಆಗಲೂ ಸುಮ್ಮನಿದ್ದೆ. ಸಾವಿಗಿಂತ ಅದು ನನ್ನನ್ನು ಹೆಚ್ಚು ಸುಟ್ಟಿತು.

ಕೈಗೆ ಅಂಟಿದ ಅಕ್ಕಿಯ ಧೂಳು ಒರೆಸಿಕೊಂಡು ಗುಂಪಿನಲ್ಲಿ ಬರೆದೆ: “ಆರತಿ ಎತ್ತಲು ನಾನು ಬರುವುದಿಲ್ಲ. ನಮ್ಮವ್ವ ಅಕ್ಕಿ ವಾಪಸ್ ತಂದದ್ದು ಯಾಕೆಂದರೆ...” ಪೂರ್ತಿ ಬರೆದೆ. ಸರ್ ಎನ್ನಲಿಲ್ಲ, ಬರೀ ಹೆಸರು.

ಒಬ್ಬ ಮಹಾಶಯ “ಹಿರಿಯರ ಬಗ್ಗೆ ಹಿಂಗ ಬರೀಬಾರದು” ಎಂದು ಕೈಮುಗಿಯುವ ಚಿತ್ರ ಹಾಕಿದ. ಆಮೇಲೆ ಶರಣಮ್ಮನ ಫೋನು.

“ಅವತ್ತು ನಿಮ್ಮವ್ವಗ ನಾನೂ ನಕ್ಕಿದ್ದೆ, ಯವ್ವಾ.”

ಈ ಸಲದ ಮೊದಲ ಸೇರು ಅಳೆದು ಒಲೆಗಿಟ್ಟೆ. ಅವ್ವನ ಎಡೆಗೆ.