ಮಂಕಿಯಲ್ಲೇ ನಿಂತು ಮಂಕಿ ಎಲ್ಲಿ ಎಂದವರ ಕಾರಿಗೆ ವಿಮೆ

ನಮ್ಮನೆಯವರು ಕುಡಿಯುವವರಲ್ಲ. ಇದನ್ನು ನಾನು ಹೇಳುವುದಲ್ಲ, ಅವರೇ ಹೇಳುವುದು. ಹೊನ್ನಾವರದ ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡು, ದಂಡ ಕಟ್ಟಿ, ಲೈಸೆನ್ಸು ಆರು ತಿಂಗಳ ಮಟ್ಟಿಗೆ ಕಳೆದುಕೊಂಡು ಹೊರಗೆ ಬಂದಾಗಲೂ ಮೆಟ್ಟಿಲ ಮೇಲೆ ನಿಂತು ಅದನ್ನೇ ಹೇಳಿದರು. "ನಾನೆಂತ ಕುಡಿಯವ್ನನೆ? ಅದೊಂದು ದಿನ ಅಷ್ಟೆ." ಆ ಒಂದು ದಿನವನ್ನು ಊರು ಮರೆಯಲು ಎಷ್ಟು ಕಾಲ ಬೇಕಾಗುತ್ತದೆ ಎಂಬ ಅಂದಾಜು ಪಾಪ ಅವರಿಗೆ ಇರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನಮ್ಮ ಮನೆ ಹಳದೀಪುರದಲ್ಲಿ. ಇವರಿಗೆ ಹೊನ್ನಾವರದಲ್ಲಿ ಬಲೆ, ಹಗ್ಗ ಮಾರುವ ಅಂಗಡಿ. ಅತ್ತೆಯವರಿಗೆ ಮಂಡಿನೋವು ಜೋರಾಗಿ ಬಸ್ಸಿನ ಮೆಟ್ಟಿಲು ಹತ್ತಲಾಗದೇ ಹೋದಾಗ ಅವರಿಗೆಂದೇ ಒಂದು ಹಳೆಯ ಬಿಳಿ ಕಾರು ತಂದಿದ್ದರು. ಎರಡು ಸಲ ಎಳೆದರೆ ಮಾತ್ರ ಮುಚ್ಚುವ ಹಿಂದಿನ ಬಾಗಿಲು, ಆ ಬಾಗಿಲ ಬದಿಯಲ್ಲಿ ಅತ್ತೆಯ ಸೀಟು. ಅಲ್ಲಿ ಕೂತರೆಂದರೆ ದಾರಿಯಲ್ಲಿ ಕಂಡವರಿಗೆಲ್ಲ ಕೈ ಎತ್ತುತ್ತಿದ್ದರು. ಕಾಣದಿದ್ದವರ ಮನೆಯ ಮುಂದೆ ಹಾರ್ನ್ ಹೊಡೆಸುತ್ತಿದ್ದರು.

ಆ ವರ್ಷ ಗಣಪತಿ ಹಬ್ಬ ಕಳೆದ ಮೇಲೆ ಭಟ್ಕಳದಲ್ಲಿ ಇವರ ಗೆಳೆಯರೊಬ್ಬರ ಹೊಸ ಬೋಟು ನೀರಿಗಿಳಿಯಿತು. ಅತ್ತೆಯನ್ನು ಅಲ್ಲೇ ಇದ್ದ ಅವರ ಅಕ್ಕನ ಮನೆಯಲ್ಲಿ ಬಿಟ್ಟು ಇವರು ಬಂದರಿಗೆ ಹೋದರು. ಮಧ್ಯಾಹ್ನ ತಿರುಗಿ ಬರುವಾಗ ಬಾಯಲ್ಲಿ ಲವಂಗ. ಅತ್ತೆಗೆ ಅವತ್ತು ನೆಗಡಿ. ಲವಂಗವೂ ತಿಳಿಯಲಿಲ್ಲ, ಅದರಡಿಗೆ ಇದ್ದದ್ದೂ ತಿಳಿಯಲಿಲ್ಲ. ಕಾರು ಹತ್ತಿದವರೇ ನಿದ್ದೆ ಹೋದರು. ಕಣ್ಣು ಬಿಟ್ಟಾಗ ಸುತ್ತ ಹಸಿರು. ಕಾರು ಹೆದ್ದಾರಿಯಿಂದ ಮೆಲ್ಲಗೆ, ಎಮ್ಮೆ ಕೆರೆಗಿಳಿದ ಹಾಗೆ, ಭತ್ತದ ಗದ್ದೆಗೆ ಇಳಿದು ನಿಂತಿತ್ತು. ಯಾರಿಗೂ ಏನೂ ಆಗಿರಲಿಲ್ಲ. ಅಷ್ಟೇ ಆಗಿದ್ದರೆ ನಾಲ್ಕು ಜನ ಸೇರಿ ಕಾರನ್ನು ಮೇಲೆ ನೂಕಿ ಮುಗಿಸುತ್ತಿದ್ದರೇನೋ. ಆದರೆ ಇವರು ಕಿಟಕಿಯಿಂದ ತಲೆ ಹೊರಗೆ ಹಾಕಿ, ರಸ್ತೆಯ ಮೇಲೆ ನಿಂತಿದ್ದ ಒಬ್ಬರನ್ನು ಬಹಳ ಮರ್ಯಾದೆಯಿಂದ ಕೇಳಿದರಂತೆ:

"ಸಾರ್, ಮಂಕಿಗೆ ಇನ್ನೂ ಎಷ್ಟು ದೂರ ಅದೆ?"

ಆ ಒಬ್ಬರು ಪೊಲೀಸಿನವರು. "ನೀ ಕೂತಿದ್ದೇ ಮಂಕಿ ಮಾರಾಯಾ. ಇಳಿ ಕೆಳಗೆ" ಎಂದರಂತೆ.

ಇವರು ಪೊಲೀಸರ ಜೊತೆ ಆಸ್ಪತ್ರೆಗೆ ಪರೀಕ್ಷೆಗೆಂದು ರಕ್ತ ಕೊಡಲು ಹೋದರು. ಅತ್ತೆ ಸೀರೆ ಎತ್ತಿ ಕಟ್ಟಿ ಗದ್ದೆಯ ಬದು ಹಿಡಿದು ನಡೆದು, ಬಸ್ಸು ಹತ್ತಿ ಮನೆಗೆ ಬಂದರು. ಮೊಣಕಾಲಿನ ತನಕ ಕೆಸರು. ನಾನು ಹೌಹಾರಿ ಓಡಿದರೆ, "ಎಂತದೂ ಆಗ್ಲಿಲ್ಲ ತಂಗೀ. ನಿನ್ನ ಗಂಡ ಮಂಕಿ ಹುಡುಕ್ತಾ ಇದ್ದ, ಸಿಕ್ಕಿದ ಮೇಲೆ ಬತ್ತ" ಎಂದು ಬಾವಿಕಟ್ಟೆಯ ಕಡೆಗೆ ಹೋದರು. ಕಾಲು ತೊಳೆಯುತ್ತಾ ಒಂದೇ ಮಾತು: "ಮಾತಾಡ್ಸದೇ ಹತ್ತಿದ್ದು ನಂದೇ ತಪ್ಪು." ಅದು ಯಾಕೆಂದು ಆಗ ನನಗೆ ಅರ್ಥವಾಗಲಿಲ್ಲ.

ಅಂದಿನಿಂದ ಅತ್ತೆ ಆ ಕಾರಿನ ಕಡೆ ಮುಖ ಹಾಕಲಿಲ್ಲ. ಲೈಸೆನ್ಸು ಇಲ್ಲದ ಇವರೂ ಬಸ್ಸಿನಲ್ಲೇ ಅಂಗಡಿಗೆ ಹೋಗಿಬರಬೇಕಾಯಿತು. ಬಸ್ಸಿನವರಿಗೆ ಹಬ್ಬ. "ಬರ್ರಿ ಬರ್ರಿ, ಡ್ರೈವರ್ ಸೀಟು ಬಿಟ್ಟು ಎಲ್ಲಿ ಬೇಕಾದ್ರೂ ಕೂತ್ಕಳ್ಳಿ" ಎಂದು ಕಂಡಕ್ಟರು ದಿನಾ ಜಾಗ ತೋರಿಸುತ್ತಿದ್ದರು. ಬಸ್ಸು ಮಂಕಿಯ ಕಡೆ ಹೋಗುವುದಿದ್ದರೆ ಯಾರಾದರೊಬ್ಬರು ಇವರಿಗೆ ಕೇಳುವಂತೆ ಮಂಕಿ ಎಷ್ಟು ದೂರ ಎಂದು ವಿಚಾರಿಸುತ್ತಿದ್ದರು. ಇವರು ಅದನ್ನೆಲ್ಲ ಸಹಿಸಿದರು. ಸಹಿಸಲಾಗದ್ದು ಒಂದೇ: ಅಂಗಳದಲ್ಲಿ ಕಾರು ನಿಂತಿರುವಾಗ ಹೆತ್ತ ತಾಯಿ ಮಂಡಿ ಹಿಡಿದುಕೊಂಡು ಬಸ್ಸಿಗೆ ಕಾಯುವುದು.

ಒಂದು ದಿನ ಊಟಕ್ಕೆ ಕೂತಾಗ ತಾಯಿಯನ್ನು ಕೇಳಿಯೇ ಬಿಟ್ಟರು. "ಅಬ್ಬೇ, ಲೈಸೆನ್ಸ್ ಬಂದ ಮೇಲೆ ಕೂತ್ಕಳ್ತೀಯಲ್ಲ?"

"ಇನ್ಶೂರೆನ್ಸಿನವ್ರು ಎಂತ ಹೇಳ್ತ್ರೋ ನೋಡ್ವ," ಎಂದರು ಅತ್ತೆ. "ನಾಲ್ಕೂರು ಕಂಡವ್ರು ಅವ್ರು. ಅವ್ರು ನಿನ್ನ ಒಪ್ಪಿದ್ರೆ ನಾನೂ ಒಪ್ತೆ."

ಕಾರಿನ ವಿಮೆ ಅಷ್ಟರಲ್ಲಿ ಮುಗಿದುಹೋಗಿತ್ತು. ಅಂಗಡಿಗೆ ಬರುವ ತಿಳಿದವರೊಬ್ಬರು, ಶಿಕ್ಷೆಯಾದವರಿಗೆ ಯಾವ ಕಂಪನಿಯೂ ವಿಮೆ ಕೊಡುವುದಿಲ್ಲ, ಕೊಟ್ಟರೂ ಚರ್ಮ ಸುಲಿಯುತ್ತಾರೆ ಎಂದು ಹೆದರಿಸಿಟ್ಟಿದ್ದರು. ಹೀಗಾಗಿ ಬೇಸಿಗೆಯಲ್ಲಿ ಲೈಸೆನ್ಸು ಕೈಗೆ ಬರುವ ಹೊತ್ತಿಗೆ, ಕುಮಟಾದ ವಿಮಾ ಕಚೇರಿಯಿಂದ ಅಧಿಕಾರಿಯೊಬ್ಬರು ಕಾರು ನೋಡಲು ಬರುತ್ತಾರೆಂದು ಗೊತ್ತಾದಾಗ ನಮ್ಮ ಮನೆಯಲ್ಲಿ ಹೆಣ್ಣು ನೋಡಲು ಬರುವಷ್ಟು ಗಡಿಬಿಡಿ ಎದ್ದಿತು. ವಿಮೆ ತಪ್ಪಿದ ಗಾಡಿಯನ್ನು ಕಣ್ಣಾರೆ ನೋಡಿಯೇ ಮತ್ತೆ ವಿಮೆ ಕೊಡುವುದು ಅವರ ಪದ್ಧತಿ.

ಕಾರಿನ ಅವಸ್ಥೆಯೋ! ನೆತ್ತಿಯ ಮೇಲೆ ನಾನು ಮುರುಗಲ ಹಣ್ಣಿನ ಸಿಪ್ಪೆ ಒಣಹಾಕಿದ್ದೆ. ಬಿಸಿಲಿಗೆ ಕಾದ ತಗಡಿನಷ್ಟು ಚೆನ್ನಾಗಿ ಚಾಪೆಯ ಮೇಲೆ ಒಣಗುವುದಿಲ್ಲ. ಬಿಳಿ ಬಣ್ಣದ ಮೇಲೆಲ್ಲ ಕೆಂಪು ಕಲೆ. ಮುಚ್ಚದ ಬಾಗಿಲಿನಿಂದ ನುಗ್ಗಿದ ಕೋಳಿ ಅತ್ತೆಯ ಸೀಟಿನಲ್ಲಿ ಕಾವಿಗೆ ಕೂತಿತ್ತು. ಇವರು ಬೆಳಿಗ್ಗೆಯಿಂದ ಕಾರು ತಿಕ್ಕಿದರು, ತಾವೂ ತಿಕ್ಕಿಕೊಂಡು ಮಿಂದರು. ಇಸ್ತ್ರಿ ಹಾಕಿದ ಬಿಳಿ ಅಂಗಿ, ಹಣೆಗೆ ಗಂಧ. "ಕೇಸಿನ ಸುದ್ದಿ ಯಾರೂ ಎತ್ಬೇಡಿ. ಕೇಳಿದ್ರೆ ನಾನೇ ಹೇಳ್ತೆ" ಎಂದು ನಮಗೆಲ್ಲ ತಾಕೀತು. ನನ್ನ ಹತ್ತಿರ ಹೇಳುವಾಗ ಕಣ್ಣು ಅತ್ತೆಯ ಕಡೆಗಿತ್ತು.

ಅಧಿಕಾರಿ ಸ್ಕೂಟರಿನಲ್ಲಿ ಬಂದರು. ಸಾಧು ಮನುಷ್ಯ. ಕಾರಿನ ಸುತ್ತ ಬಂದು ಫೋಟೋ ತೆಗೆದರು. ಚಾಸಿಯ ಮೇಲೆ ಕಾಗದ ಹಿಡಿದು ಪೆನ್ಸಿಲಿನಿಂದ ಉಜ್ಜಿ ನಂಬರು ಮೂಡಿಸಿಕೊಂಡರು. ಕೋಳಿ ಏಳಲಿಲ್ಲ, ಅದನ್ನೂ ಸೇರಿಸಿಯೇ ಒಳಗಿನ ಫೋಟೋ ಆಯಿತು. ಇವರು ಕೈಕಟ್ಟಿ ಹಿಂದೆ ಹಿಂದೆಯೇ ನಡೆದರು. ಅಧಿಕಾರಿ ಜಗಲಿಗೆ ಬಂದು ಕೂತರೆ, ಅತ್ತೆ ತಾವೇ ಮುರುಗಲ ಪಾನಕ ತಂದು ಕೈಗಿಟ್ಟು ಎದುರಿಗೆ ಕೂತರು.

"ನೋಡಿ ಆತಾ ಸಾಹೇಬ್ರೆ?"

"ಆಯ್ತಮ್ಮ. ಗಾಡಿ ಚೆನ್ನಾಗಿದೆ."

"ಗಾಡಿ ಮೊದ್ಲಿಂದ್ಲೂ ಚಲೋನೇ. ಇವ್ನ ನೋಡಿದ್ರಾ?"

ಅಧಿಕಾರಿ ಇವರನ್ನು ನೋಡಿದರು. ಇವರು ಗೋಡೆಯನ್ನು ನೋಡಿದರು.

"ಅತ್ತೆ, ಒಲೆ ಮೇಲೆ ಹಾಲು..." ಎಂದೆ ನಾನು.

"ಉಕ್ಲಿ ಬಿಡು," ಎಂದು ಅತ್ತೆ ಮುಂದುವರಿಸಿದರು. "ಸಾಹೇಬ್ರೆ, ಇವ ನನ್ನ ಮಗ. ಕುಡ್ದು ಗಾಡಿ ಹೊಡ್ದು ಕೋರ್ಟಲ್ಲಿ ದಂಡ ಆಗ್ಯದೆ. ನಾನು ಹಿಂದೇ ಕೂತಿದ್ದೆ. ಮುಚ್ಚಿಟ್ಟು ತಕಂಡ್ರೆ ನಾಳೆ ನಿಮ್ಗೆ ಮೋಸ ಆತದೆ. ಬರ್ಕಳಿ."

ಇವರ ಹಣೆಯ ಗಂಧ ಬೆವರಿಗೆ ಇಳಿಯತೊಡಗಿತು. ಅಧಿಕಾರಿ ಪಾನಕ ಕುಡಿದು ಲೋಟ ಕೆಳಗಿಟ್ಟು ನಕ್ಕರು. "ಅಮ್ಮಾ, ನಾವು ಗಾಡಿ ನೋಡಿ ವಿಮೆ ಕೊಡೋದು. ಈಗ ಲೈಸೆನ್ಸ್ ಇದೆಯಲ್ಲ, ಸಾಕು."

"ಹಂಗಾರೆ ಇವ ನಾಳೆ ಮತ್ತೆ ಕುಡ್ದು ಗದ್ದೆಗೆ ಹಾಕಿದ್ರೆ?"

"ಆಗ ಇವರ ಗಾಡಿ ರಿಪೇರಿಗೆ ಕಂಪನಿ ಏನೂ ಕೊಡೋದಿಲ್ಲ."

"ಅಂದ್ರೆ ಕುಡ್ಯವ್ನೋ ಅಲ್ವೋ ಅಂತ ಬಿದ್ದ ಮೇಲೆ ನೋಡ್ತ್ರಿ."

"ಹಾಗೇ ಅನ್ನಿ."

"ನಾ ಬೀಳೂಕಿಂತ ಮೊದ್ಲು ನೋಡ್ಬೇಕಲ್ಲ," ಎಂದು ಅತ್ತೆ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದರು.

ವಿಮೆಯ ಕಾಗದ ಬಂತು. ಚರ್ಮವನ್ನೇನೂ ಸುಲಿಯಲಿಲ್ಲ. ಇವರು ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ದೇವರ ಮುಂದಿಟ್ಟು, ಆಮೇಲೆ ತಾಯಿಯ ಮುಂದೆ ಹಿಡಿದರು. "ಹೇಳಿದ್ಯಲ್ಲ ಅಬ್ಬೇ, ಅವ್ರು ಒಪ್ಪಿದ್ರು."

"ಅವ್ರು ಕಾರಿಗೆ ಒಪ್ಪಿದ್ದು ತಮಾ. ನಿನ್ನ ಫೋಟೋ ತೆಗೀಲಿಲ್ಲ, ಕೋಳಿ ಫೋಟೋ ತೆಗ್ದ್ರು." ಅತ್ತೆ ಎಲೆಗೆ ಸುಣ್ಣ ಸವರುತ್ತಾ ತಮ್ಮ ಅಪ್ಪನ ಕಥೆ ತೆಗೆದರು. ಶರಾವತಿಗೆ ಸೇತುವೆ ಆಗುವ ಮೊದಲು ಅವರ ಅಪ್ಪ ಹೊನ್ನಾವರದಲ್ಲಿ ದೋಣಿ ದಾಟಿಸುತ್ತಿದ್ದರಂತೆ. ಮಳೆಗಾಲದ ಹೊಳೆ. ಜನ ದೋಣಿಗೆ ಕಾಲಿಡುವ ಮೊದಲು ಅಂಬಿಗನನ್ನು ಮಾತಾಡಿಸುತ್ತಿದ್ದರಂತೆ: ಮಕ್ಕಳ ಹೆಸರು ಕೇಳುವುದು, ಆಚೆ ದಡದ ಮನೆಗಳನ್ನು ಸಾಲಾಗಿ ಹೇಳಿಸುವುದು. ನಾಲಿಗೆ ಸರಿಯಾಗಿ ತಿರುಗಿದರೆ ಹತ್ತುವುದು, ಎಡವಿದರೆ ದಡದಲ್ಲೇ ಕೂರುವುದು. ಅಂಬಿಗ ಸಿಟ್ಟಾಗುವಂತಿರಲಿಲ್ಲ. "ನೀನೂ ಹೇಳು. ಇಲ್ಲಿಂದ ಭಟ್ಕಳದ ತನಕ ಬಸ್ಸು ನಿಲ್ಲೂ ಊರು ಸಾಲಾಗಿ ಹೇಳು. ಹೇಳಿದ್ರೆ ಕಾರು ಹತ್ತತೆ."

ಬಾವಿಕಟ್ಟೆಯ ಮಾತು ನನಗೆ ಆಗ ಅರ್ಥವಾಯಿತು. ಇವರಿಗೆ ಸಿಟ್ಟು ಬಂತು.

"ನಾನೆಂತ ಕಂಡಕ್ಟರನ? ಅಂಗಡಿ ಇಟ್ಕಂಡವ, ಇಬ್ರು ಮಕ್ಳ ಅಪ್ಪ. ಊರು ಒಪ್ಪಿಸ್ಬೇಕಾ ಶಾಲೆ ಹುಡ್ಗನ ಹಂಗೆ?"

"ಬ್ಯಾಡ ಬಿಡು," ಎಂದರು ಅತ್ತೆ. "ಬಸ್ಸದೆ."

ಮಳೆ ಹಿಡಿಯುವ ಮೊದಲು ಅತ್ತೆಯ ಭಟ್ಕಳದ ಅಕ್ಕನಿಗೆ ಕಣ್ಣಿನ ಪೊರೆ ತೆಗೆಸಿದರು. ಅತ್ತೆ ನೋಡಿ ಬರಲು ಹೊರಟರು. ಕೈಚೀಲದಲ್ಲಿ ಒಣ ಮುರುಗಲು, ಎರಡು ತೆಂಗಿನಕಾಯಿ. ಇವರು ಕಾರಿನ ಬಾಗಿಲು ತೆರೆದು ನಿಂತರು, ಊರಿನ ಹೆಸರಿಗೆ ಮಾತ್ರ ಬಾಯಿ ತೆರೆಯಲಿಲ್ಲ. ಅತ್ತೆ ಕಾರಿನ ಪಕ್ಕದಲ್ಲೇ ಹಾದು ಹೆದ್ದಾರಿಗೆ ನಡೆದರು. ಕುಮಟಾದಿಂದ ಬಂದ ಭಟ್ಕಳದ ಬಸ್ಸಿಗೆ ಅವರನ್ನು ಕಂಡಕ್ಟರು ಕೈ ಹಿಡಿದು ಎಳೆದು, ಹಿಂದಿನಿಂದ ಯಾರೋ ಹೆಂಗಸು ನೂಕಿ, ಅಂತೂ ಹತ್ತಿಸಿದರು. ಆ ಮಂಡಿ ಮಡಚಲಾಗದೆ ನಡುಗಿದ್ದು ಗೇಟಿನಲ್ಲಿ ನಿಂತ ನಮಗೆ ಕಂಡಿತು.

"ಕೂತ್ಕ," ಎಂದರು ಇವರು ನನಗೆ. ನಾನು ಕೂತೆ. ಕಾರು ಬಸ್ಸಿನ ಬೆನ್ನಿಗೆ ಬಿತ್ತು.

ಕರ್ಕಿಯಲ್ಲಿ ಬಸ್ಸು ನಿಂತಿತು, ಇವರೂ ನಿಲ್ಲಿಸಿದರು. ಸ್ಟೇರಿಂಗ್ ಬಿಟ್ಟು ಇಳಿಯಲಿಲ್ಲ. ಹೊನ್ನಾವರದ ಸ್ಟ್ಯಾಂಡಿನ ಹೊರಗೂ ಹಾಗೇ ಕಾದೆವು. ಸೇತುವೆಯ ಮೇಲೆ ಬಸ್ಸಿನ ಹಿಂದೆ ನಿಧಾನವಾಗಿ ಹೋಗುವಾಗ ಕೆಳಗಿನ ನೀರನ್ನು ಒಮ್ಮೆ ನೋಡಿದರು. ಅಜ್ಜನ ದೋಣಿ ಅಲ್ಲೆಲ್ಲೋ ದಾಟಿದ್ದಿರಬೇಕು. ಕಾಸರಕೋಡಿನಲ್ಲಿ ಬಸ್ಸು ನಿಂತದ್ದೇ ಬಾಗಿಲು ತೆರೆದು ಇಳಿದು, ಅತ್ತೆಯ ಕಿಟಕಿಯ ಕೆಳಗೆ ನಿಂತರು.

"ಹಳದೀಪುರ, ಕರ್ಕಿ, ಹೊನ್ನಾವರ, ಕಾಸರಕೋಡು," ಎಂದರು. ಮುಖ ಮಾತ್ರ ಬೇರೆಲ್ಲೋ ಇತ್ತು.

ಅತ್ತೆ ಕೇಳಿಸದವರಂತೆ ಸೆರಗು ಸರಿಮಾಡಿಕೊಂಡರು. "ಅರ್ಧ ಹೇಳಿದ್ರೆ ಅರ್ಧ ದಾರಿಗೇ ಆತು."

ಬಸ್ಸಿನ ಕಿಟಕಿಗಳಲ್ಲಿ ತಲೆಗಳು ಮೂಡಿದವು. "ಎಂತದ್ರಾ ಇದು?" ಎಂದು ಒಬ್ಬರು, "ಡ್ರೈವಿಂಗ್ ಪರೀಕ್ಷೆ" ಎಂದು ಕಂಡಕ್ಟರು. ಶಿಳ್ಳೆ ಊದಿದ್ದೇ ಬಸ್ಸು ಹೊರಟಿತು. ಇವರ ಕಿವಿ ಕೆಂಪಾಗಿತ್ತು. ನಾನು ನಗು ತಡೆಯಲು ಕಿಟಕಿಯ ಆಚೆ ನೋಡಿದೆ.

ಮುಂದಿನ ನಿಲ್ದಾಣದಲ್ಲಿ ಇವರು ಬಸ್ಸು ಪೂರ್ತಿ ನಿಲ್ಲುವ ಮೊದಲೇ ಇಳಿದು ಓಡಿದರು. "ಇದು ಮಂಕಿ!" ಎಂದು ಕೂಗಿದರು. ಬಸ್ಸಿಗೆ ಬಸ್ಸೇ ಗೊಳ್ಳೆಂದಿತು. ಇವರು ನಿಲ್ಲಿಸಲಿಲ್ಲ. "ಇದು ಮಂಕಿ ಅಬ್ಬೇ. ಇನ್ನು ಮುರ್ಡೇಶ್ವರ, ಶಿರಾಲಿ, ಭಟ್ಕಳ. ಸಾಕನೇ?"

ಕಿಟಕಿಯಲ್ಲಿದ್ದ ತಲೆ ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಕೈಚೀಲ ಕಂಡಿತು, ಅದರ ಹಿಂದೆ ಅತ್ತೆ. ಇವರು ಎರಡೂ ಕೈ ಚಾಚಿ ಇಳಿಸಿಕೊಂಡರು. ಅಷ್ಟು ಹತ್ತಿರ ಬಂದಾಗ ಅತ್ತೆ ಮಗನ ಬಾಯಿಯ ಹತ್ತಿರ ಮೂಗು ತಂದು ಒಮ್ಮೆ ಉಸಿರೆಳೆದದ್ದನ್ನೂ ಕಂಡೆ. ಅವತ್ತು ಅವರಿಗೆ ನೆಗಡಿ ಇರಲಿಲ್ಲ.

"ಅಜ್ಜೀ, ನಿಮ್ಮ ಟಿಕೆಟು ಭಟ್ಕಳದ ತನಕ ಅದೆ," ಎಂದರು ಕಂಡಕ್ಟರು.

"ಇರ್ಲಿ ಇರ್ಲಿ, ಬೇಕಾದ್ರೆ ಆತದೆ," ಎಂದು ಅತ್ತೆ ಅದನ್ನು ಮುಷ್ಟಿಯಲ್ಲೇ ಹಿಡಿದುಕೊಂಡು ಕಾರಿನ ತಮ್ಮ ಸೀಟಿನಲ್ಲಿ ಕೂತರು. ನಾನು ಬಾಗಿಲು ಎರಡು ಸಲ ಎಳೆದು ಮುಚ್ಚಿದೆ. ಕಾರು ಆ ಗದ್ದೆಯನ್ನು ದಾಟಿತು. ಯಾರೂ ಆ ಕಡೆ ನೋಡಲಿಲ್ಲ, ಅಂದರೆ ಮೂವರೂ ನೋಡಿದೆವು. ಶಿರಾಲಿ ಕಳೆದ ಮೇಲೆ ಅತ್ತೆ ದಾರಿಯಲ್ಲಿ ಕಂಡ ಯಾರಿಗೋ ಕೈ ಎತ್ತಿದರು. ಟಿಕೆಟ್ಟು ಹಿಡಿದ ಕೈಯನ್ನಲ್ಲ, ಇನ್ನೊಂದನ್ನು.

ಭಟ್ಕಳದಲ್ಲಿ ಅವರ ಅಕ್ಕ ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದರು. ಕಾರಿನ ಸದ್ದು ಕೇಳಿ ಕತ್ತೆತ್ತಿದರು. "ಬಸ್ಸಿಗೆ ಬಂದ್ಯನೇ, ಇಲ್ಲ ಇವ್ನ ಸಂಗಡನೇ ಬಂದ್ಯಾ?"

"ಇವ್ನ ಸಂಗಡನೇ," ಎಂದು ಅತ್ತೆ ಮುಷ್ಟಿ ಬಿಚ್ಚಿ, ಬೆವರಿಗೆ ಒದ್ದೆಯಾದ ಟಿಕೆಟ್ಟನ್ನು ಮಗನ ಕೈಗೆ ಹಾಕಿದರು. "ಟಿಕೆಟ್ ತೆಗ್ದೇ ಬಂದೆ."