ಕೈ ಬಿಟ್ಟರೆ ಮುಚ್ಚುವ ನಲ್ಲಿ

ಚರ್ಚಾಸ್ಪರ್ಧೆಯಲ್ಲಿ ಎದುರಾಳಿ ‘ಇದು ಹೇಗೆಂದರೆ...’ ಎಂದು ಉಪಮೆಗೆ ಕೈ ಹಾಕಿದ ಕೂಡಲೇ ನನಗೆ ಖುಷಿಯಾಗುತ್ತಿತ್ತು. ವಾದದ ಕುತ್ತಿಗೆ ಹಿಡಿಯುವುದು ಕಷ್ಟ, ಉಪಮೆಯ ಬಾಲ ಹಿಡಿಯುವುದು ಸುಲಭ. ದೇಶ ಒಂದು ಬಸ್ಸಿದ್ದಂತೆ ಎಂದವನಿಗೆ ‘ಹಾಗಾದರೆ ಕಂಡಕ್ಟರ್ ಯಾರು, ಇನ್ನೂ ಚಿಲ್ಲರೆ ಯಾಕೆ ಕೊಟ್ಟಿಲ್ಲ?’ ಎಂದು ಕೇಳಿದರೆ ಸಾಕು, ಸಭೆ ನಗುತ್ತಿತ್ತು, ಅವನು ಕೂರುತ್ತಿದ್ದ. ಮೈಸೂರಿನಲ್ಲಿ ನಾಲ್ಕು ವರ್ಷ ಮೆಕ್ಯಾನಿಕಲ್ ಓದಿದೆ ಎಂದು ನನ್ನ ಪದವಿ ಪತ್ರ ಹೇಳುತ್ತದೆ. ನಿಜವಾಗಿ ಓದಿದ್ದು ಜನರ ಬಾಯಿ ಮುಚ್ಚಿಸುವುದನ್ನು.

ಆ ವಿದ್ಯೆಯನ್ನು ಹೊತ್ತು ಮಲೇಷ್ಯಾದ ಕ್ಲಾಂಗ್ ಬಂದರಿನ ಹತ್ತಿರದ ಒಂದು ವರ್ಕ್‌ಶಾಪಿಗೆ ಕೆಲಸಕ್ಕೆ ಬಂದೆ. ಸಮುದ್ರದ ನಡುವೆ ಕೊರೆದ ತೈಲಬಾವಿಗಳೊಳಗೆ ಇಳಿಯುವ ಸಲಕರಣೆಗಳನ್ನು ಜೋಡಿಸಿ, ಪರೀಕ್ಷಿಸಿ, ಕಳಿಸಿಕೊಡುವ ಜಾಗ ಅದು. ಅಮ್ಮ ಫೋನಿನಲ್ಲಿ “ಬಾವಿ ತೋಡ್ತೀಯಾ ಅಲ್ಲಿ?” ಎಂದಾಗ ನಾನು ವಾದಕ್ಕೆ ನಿಂತೆ. ತೋಡುವವರು ಬೇರೆ. ಅವರು ಹೋದ ಮೇಲೆ ಉಳಿಯುವುದು ಬರೀ ಆಳವಾದ ತೂತು. ಎಣ್ಣೆ ಮೇಲೆ ಬರಲು ಒಂದು ಕೊಳವೆ, ಆ ಕೊಳವೆಗೂ ಬಾವಿಯ ಉಕ್ಕಿನ ಗೋಡೆಗೂ ನಡುವಿನ ಸಂದನ್ನು ಬಿಗಿಯಾಗಿ ಮುಚ್ಚುವ ಪ್ಯಾಕರ್, ಮೇಲೆ ಅನಾಹುತವಾದರೆ ತಾನಾಗಿ ಬಾಗಿಲು ಹಾಕಿಕೊಳ್ಳುವ ಸೇಫ್ಟಿ ವಾಲ್ವ್, ಇಷ್ಟನ್ನೂ ಇಳಿಸಿದ ಮೇಲೆ ತೂತು ಬಾವಿಯಾಗುತ್ತದೆ. ಈ ಕೆಲಸಕ್ಕೆ ಕಂಪ್ಲೀಷನ್ ಎನ್ನುತ್ತಾರೆ.

“ಅಂದ್ರೆ ಕಂಪ್ಲೀಟ್ ಆಯ್ತಾ? ಹಾಗಾದ್ರೆ ಯಾವಾಗ ಬರ್ತೀಯಾ?” ಎಂದಳು ಅಮ್ಮ. ಅಮ್ಮನೆದುರು ನಾನು ಇವತ್ತಿನವರೆಗೆ ಒಂದು ಚರ್ಚೆಯನ್ನೂ ಗೆದ್ದಿಲ್ಲ.

ವರ್ಕ್‌ಶಾಪಿನಲ್ಲಿ ಕನ್ನಡ ಬರುತ್ತಿದ್ದದ್ದು ಇಬ್ಬರಿಗೆ. ಒಬ್ಬಳು ನಾನು, ಇನ್ನೊಬ್ಬರು ಹುಬ್ಬಳ್ಳಿಯ ಕಾಕಾ. ರೈಲ್ವೆ ಊರಿನಲ್ಲಿ ಫಿಟ್ಟರ್ ಕೆಲಸ ಕಲಿತು, ನಾನು ಹುಟ್ಟುವ ಹೊತ್ತಿಗೆಲ್ಲ ಮಲೇಷ್ಯಾಕ್ಕೆ ಬಂದವರು. ಸೇಫ್ಟಿ ವಾಲ್ವ್ ಜೋಡಿಸುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಕಣ್ಣು ಮುಚ್ಚಿ ರಬ್ಬರ್ ರಿಂಗನ್ನು ಬೆರಳಲ್ಲಿ ಸವರಿ, “ಇದು ಬ್ಯಾಡ, ಇನ್ನೊಂದು ಕೊಡು” ಎನ್ನುತ್ತಿದ್ದರು. ಯಾಕೆ ಎಂದು ಕೇಳಿದರೆ ಉತ್ತರ ಒಂದೇ.

“ಹಂಗs ಅದು.”

“ಹಂಗೆ ಅಂದ್ರೆ ಹೆಂಗೆ ಕಾಕಾ? ಕಾರಣ ಅಂತ ಒಂದು ಇರುತ್ತಲ್ಲಾ?”

“ಬಂದಳಪಾ ನಮ್ಮ ವಕೀಲವ್ವ!” ಎಂದು ಅವರು ನಗುತ್ತಿದ್ದರು. ಬಂದ ವಾರದಲ್ಲೇ ನನಗೆ ಆ ಹೆಸರು ಬಿದ್ದಿತ್ತು.

ಅವರು ಪರೀಕ್ಷಿಸಿದ ಪ್ರತಿ ವಾಲ್ವಿಗೂ ಒಂದು ತಗಡಿನ ಚೀಟಿ ಕಟ್ಟಿ, ಸುತ್ತಿಗೆಯಿಂದ ತಮ್ಮ ಮುದ್ರೆ ಒತ್ತುತ್ತಿದ್ದರು. ಮುದ್ರೆಯಿಲ್ಲದ ವಾಲ್ವು ಹಡಗು ಹತ್ತುವಂತಿಲ್ಲ. ಆ ವರ್ಷ ಹೊಸ ನಿಯಮ ಬಂತು: ಮುದ್ರೆ ಇಟ್ಟುಕೊಳ್ಳಬೇಕಾದರೆ ಕೈಕೆಲಸ ಸಾಲದು, ಸಲಕರಣೆ ಹೇಗೆ ಕೆಲಸ ಮಾಡುತ್ತದೆ ಎಂದು ಹೊರಗಿನ ಪರೀಕ್ಷಕರ ಮುಂದೆ ಇಂಗ್ಲಿಷಿನಲ್ಲಿ ಬಾಯಿಬಿಟ್ಟು ಹೇಳಬೇಕು. ಕಾಕಾ ಮೊದಲ ಸಲ ಹೋದಾಗ ಪ್ಯಾಕರ್ ಸರಿಯಾಗಿ ಕೂತಿದೆ ಎಂದು ಹೇಗೆ ತಿಳಿಯುತ್ತದೆ ಎಂದು ಪರೀಕ್ಷಕರು ಕೇಳಿದರಂತೆ. ಇವರು “ಐ ನೋ”, ನನಗೆ ಗೊತ್ತು, ಎಂದರಂತೆ. ಅಷ್ಟೇ. ನಪಾಸು.

ಇನ್ನು ಒಂದೇ ಅವಕಾಶ ಇತ್ತು. ಅದೂ ಹೋದರೆ ಮುದ್ರೆ ವಾಪಸು. ಕಾಕಾ ಹಿಂದಿನ ಶೆಡ್ಡಿನಲ್ಲಿ, ಬಾವಿಯಿಂದ ಬಂದ ಹಳೆಯ ಕೊಳವೆಗಳ ಕೆಸರು ತೊಳೆಯಬೇಕು. ಮ್ಯಾನೇಜರು ನನ್ನನ್ನು ಕರೆದು “ನಿನಗೆ ಮಾತು ಜಾಸ್ತಿ, ಅವರಿಗೆ ಕಡಿಮೆ. ಮೂರು ವಾರದಲ್ಲಿ ಸರಿಮಾಡು ಲಾ” ಎಂದರು, ಇಲ್ಲಿ ಎಲ್ಲ ಮಾತಿನ ಬಾಲಕ್ಕೂ ಅಂಟುವ ‘ಲಾ’ ಸೇರಿಸಿ.

ಮಾರನೆಯ ದಿನದಿಂದ ಪಾಠ ಶುರುವಾಯಿತು. ಜಾಗ, ಗೇಟಿನ ಎದುರಿನ ಮಾಮಕ್ ಅಂಗಡಿ, ಅಂದರೆ ತಮಿಳು ಮುಸ್ಲಿಮರ ಹೋಟೆಲು. ಸಮಯ, ಊಟದ ವಿರಾಮ. ನಾನು ಪರೀಕ್ಷಕಿ, ಅವರು ಅಭ್ಯರ್ಥಿ.

“ಪ್ಯಾಕರ್ ಅಂದ್ರೇನು?”

“ಇಕ್ಕಟ್ಟಿನ ಓಣ್ಯಾಗ ಕೊಡಿ ಬಿಚ್ಚಿದಂಗ” ಎಂದರು ಕಾಕಾ, ರೊಟ್ಟಿ ಚಾನಾಯ್ ಮುರಿಯುತ್ತ. “ಮಡಚಿದ ಕೊಡಿ ಹಿಡಕೊಂಡು ಓಣಿ ಒಳಗ ಹೋಗ್ತಿ. ನಡುವ ನಿಂತು ಬಿಚ್ಚತಿ. ಕಡ್ಡಿ ಎರಡೂ ಗ್ವಾಡಿಗೆ ಕಚ್ಚತಾವ, ಅರಿವಿ ಸಂದು ಮುಚ್ಚತದ. ಮುಗೀತು.”

“ಕೊಡೆಯ ಕಡ್ಡಿ ಗೋಡೆ ಕಚ್ಚಲ್ಲ ಕಾಕಾ, ಮುರಿಯುತ್ತೆ. ಪರೀಕ್ಷಕರು ಅಲ್ಲೇ ಹಿಡೀತಾರೆ. ಉಪಮೆ ಬೇಡ. ನಾನು ಹೇಳಿದ್ದನ್ನ ಹೇಳಿ: ಉಕ್ಕಿನ ಹಲ್ಲುಗಳು ಗೋಡೆಯನ್ನ ಹಿಡೀತವೆ, ಆಮೇಲೆ ರಬ್ಬರ್ ಹಿಗ್ಗಿ ಸಂದು ಮುಚ್ಚುತ್ತೆ.”

“ನಾ ಹೇಳಿದ್ದೂ ಅದs ಅಲ್ಲೇನವಾ?”

“ಅದೇ. ಆದ್ರೆ ಕೊಡೆ ಇಲ್ದೆ.”

ಕಾಕಾ ಚಹಾ ಕುಡಿದರು. ಎರಡನೆಯ ವಾರ ಸೇಫ್ಟಿ ವಾಲ್ವಿಗೆ ಬಂದೆವು. ಎಣ್ಣೆ ಬರುವ ಕೊಳವೆಯೊಳಗೇ, ಸಮುದ್ರತಳಕ್ಕಿಂತ ಕೆಳಗೆ, ಕೂರುವ ಪುಟ್ಟ ಕದ ಅದು. ಮೇಲಿನಿಂದ ಬೆರಳು ದಪ್ಪದ ಒಂದು ನಳಿಗೆಯಲ್ಲಿ ಹೈಡ್ರಾಲಿಕ್ ಎಣ್ಣೆಯನ್ನು ಒತ್ತುತ್ತಿದ್ದಷ್ಟು ಹೊತ್ತು ಕದ ತೆರೆದಿರುತ್ತದೆ. ಒತ್ತಡ ಹೋದರೆ ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ. ನನ್ನ ಮಟ್ಟಿಗೆ ಇಷ್ಟು ಹೇಳಿದರೆ ಸಾಕಿತ್ತು. ಕಾಕಾನಿಗೆ ಸಾಲಲಿಲ್ಲ.

“ರೈಲಿನ ನಲ್ಲಿ ನೋಡಿಯಿಲ್ಲೋ? ಕೈ ತೊಳಿಯೋ ಕಡೆ? ಕೆಳಗಿಂದ ಒತ್ತಿ ಹಿಡದ್ರ ನೀರು, ಕೈ ಬಿಟ್ರ ಬಂದ್. ಯಾರೂ ಬಂದ್ ಮಾಡೂದು ಬ್ಯಾಡ, ಅದಕ್ಕs ಗೊತ್ತು. ಹುಬ್ಬಳ್ಳ್ಯಾಗ ಅಂಥವು ನಾ ಎಷ್ಟು ಬಿಚ್ಚೇನಿ!”

ಒಪ್ಪುತ್ತೇನೆ, ಉಪಮೆ ಚೆನ್ನಾಗಿತ್ತು. ಅದಕ್ಕೇ ನನಗೆ ಇನ್ನಷ್ಟು ಅನುಮಾನ ಬಂತು. ಬಾಲ ಹುಡುಕಿದೆ, ಸಿಕ್ಕಿತು.

“ಕಾಕಾ, ರೈಲಿನ ನಲ್ಲಿಯಿಂದ ಕೈ ತೆಗೆದ್ರೆ ಒತ್ತಡ ಪೂರ್ತಿ ಹೋಯ್ತು. ಇಲ್ಲಿ ಹಾಗಲ್ಲ. ಮೇಲೆ ಪಂಪ್ ನಿಂತ್ರೂ ಆ ಉದ್ದದ ನಳಿಗೆಯೊಳಗೆ ಎಣ್ಣೆ ತುಂಬ್ಕೊಂಡೇ ಇರುತ್ತಲ್ಲಾ? ಅದಕ್ಕೆ ತೂಕ ಇಲ್ವಾ? ಆ ತೂಕ ಕದವನ್ನ ಒತ್ತಿ ಹಿಡಿದೇ ಇರುತ್ತೆ. ಅಂದ್ರೆ ಕೈ ಬಿಟ್ರೂ ಅರ್ಧ ಕೈ ಅಲ್ಲೇ ಇದೆ. ಈಗ ಹೇಳಿ.”

ಕಾಕಾ ತಟ್ಟೆ ದೂಡಿ ಎದ್ದು ಹೋದರು. ಗೆದ್ದೆ ಎಂದುಕೊಂಡೆ. ಗೆದ್ದಾಗ ಆಗಬೇಕಾದ ಖುಷಿ ಮಾತ್ರ ಆಗಲಿಲ್ಲ. ಪರೀಕ್ಷೆಗೆ ಹನ್ನೊಂದು ದಿನ ಇದ್ದಾಗ ಅಭ್ಯರ್ಥಿಯನ್ನೇ ಸೋಲಿಸಿದ ಗುರು ನಾನು.

ಮರುದಿನ ಬೆಳಿಗ್ಗೆ ಅವರು ಒಂದು ವಾಲ್ವನ್ನು ಬೆಂಚಿನ ಮೇಲೆ ಬಿಗಿದು, ಕೈಪಂಪು ಸಿಕ್ಕಿಸಿ ಕಾಯುತ್ತಿದ್ದರು. “ಒತ್ತು” ಎಂದರು. ಒತ್ತಿದೆ. ಪಂಪಿನ ಒತ್ತಡಮಾಪಕದ ಮುಳ್ಳು ಮೇಲೇರಿತು, ಒಳಗಿನ ಕದ ತೆರೆಯಿತು. “ಈಗ ಮೆಲ್ಲಕ ಬಿಡು. ಕದದ ಕಡೆ ಕಿವಿ ಇಡು, ಮುಳ್ಳಿನ ಕಡೆ ಕಣ್ಣು ಇಡು. ಬಾಯಿ ಮಾತ್ರ ಎಲ್ಲೂ ಇಡಬ್ಯಾಡ.”

ಹಿಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತ ಎಣ್ಣೆ ಬಿಟ್ಟೆ. ಮುಳ್ಳು ಇಳಿಯಿತು, ಇಳಿಯಿತು, ಠಪ್! ಕದ ಮುಚ್ಚಿತು. ಮುಳ್ಳು ಇನ್ನೂ ಸೊನ್ನೆಗೆ ಬಂದಿರಲಿಲ್ಲ.

“ಕಂಡ್ಯಾ?” ಎಂದರು ಕಾಕಾ. “ಒತ್ತಡ ಇನ್ನೂ ಐತಿ, ಕದ ಆಗಲೇ ಬಂದ್. ಆ ಉಳದದ್ದು ಏನು? ನಿನ್ನ ಎಣ್ಣಿ ತೂಕಕ್ಕ ಬಿಟ್ಟದ್ದು. ಅದಕ್ಕಿಂತ ಸ್ಪ್ರಿಂಗ್ ಗಟ್ಟಿ. ಎಷ್ಟು ಆಳಕ್ಕ ಇಳಸ್ತಾರ ನೋಡಿ, ಅಷ್ಟರದು ಸ್ಪ್ರಿಂಗ್.”

“ಇದನ್ನ ನಿನ್ನೆನೇ ಹೇಳಬಹುದಿತ್ತಲ್ಲಾ?”

“ಕೈಯಾಗ ಇತ್ತು. ಬಾಯಿಗೆ ಬರಲಿಲ್ಲ. ರಾತ್ರಿಯೆಲ್ಲಾ ನನಗ ನಿದ್ದಿ ಕೆಡಿಸಿದಿ, ವಕೀಲವ್ವ!” ಎಂದು ಜೋರಾಗಿ ನಕ್ಕರು. ನಾನು ಕೆಲಸಕ್ಕೆ ಸೇರಿದ ಮೇಲೆ ಅವರು ಕಾರಣ ಸಮೇತ ಕೊಟ್ಟ ಮೊದಲ ಉತ್ತರ ಅದು. ಆದರೂ ಪರೀಕ್ಷೆಯಲ್ಲಿ ರೈಲು, ಕೊಡೆ ಎರಡೂ ನಿಷಿದ್ಧ ಎಂದು ಮತ್ತೆ ತಾಕೀತು ಮಾಡಿದೆ. ಅಚ್ಚುಕಟ್ಟಾದ ಏಳು ಇಂಗ್ಲಿಷ್ ವಾಕ್ಯ ಬರೆದುಕೊಟ್ಟು ಬಾಯಿಪಾಠ ಮಾಡಿಸಿದೆ. ಪುಚೊಂಗಿನ ನನ್ನ ಮನೆಯಿಂದ ಫೋನ್ ಮಾಡಿ ಮಾಡಿ ಒಪ್ಪಿಸಿಕೊಂಡೆ.

ಪರೀಕ್ಷಕಿ ಬಾಂಗ್ಸಾರ್ ಕಡೆಯಿಂದ ಬಂದಿದ್ದ ಮಲಯ್ ಹೆಂಗಸು, ತಲೆಗೆ ಬಿಳಿ ತುಡುಂಗ್ ವಸ್ತ್ರ, ಸಣ್ಣ ದನಿ. ನಾವೆಲ್ಲ ಆಕೆಯನ್ನು, ಮೇಡಂ ಎನ್ನುವ ಹಾಗೆ, ಪುವಾನ್ ಎಂದೆವು. ಕೋಣೆಯಲ್ಲಿ ಒಬ್ಬ ಸಹೋದ್ಯೋಗಿ ಸಾಕ್ಷಿಯಾಗಿ ಕೂರಬೇಕು, ಆದರೆ ತುಟಿ ಪಿಟಕ್ ಎನ್ನುವಂತಿಲ್ಲ ಎನ್ನುವುದು ನಿಯಮ. ನನ್ನನ್ನು ಕೂರಿಸಿದರು. ಸಲಕರಣೆ ಒಳಗೆ ತರುವಂತಿಲ್ಲ, ಬರೀ ಮಾತು.

“ಸೇಫ್ಟಿ ವಾಲ್ವ್ ಬಗ್ಗೆ ಹೇಳಿ, ಎಂಚಿಕ್” ಎಂದರು ಪುವಾನ್. ಎಂಚಿಕ್ ಎಂದರೆ ಮಲಯ್‌ನಲ್ಲಿ ಯಜಮಾನರೇ ಎಂದಂತೆ.

ಕಾಕಾ ನನ್ನ ಮೊದಲ ವಾಕ್ಯ ಹೇಳಿದರು. ಎರಡನೆಯದನ್ನೂ ಹೇಳಿದರು. ಮೂರನೆಯದರ ನಡುವೆ ನಿಂತರು. ನನಗೆ ಆ ವಾಕ್ಯ ನಾಲಿಗೆಯ ತುದಿಯಲ್ಲಿತ್ತು, ಹಲ್ಲು ಕಚ್ಚಿ ಹಿಡಿದೆ. ಕಾಕಾ ನನ್ನ ಕಡೆ ನೋಡಿದರು, ಗೋಡೆ ನೋಡಿದರು, ಹಣೆ ಒರೆಸಿಕೊಂಡರು. ಪುವಾನ್ ಪೆನ್ನು ಎತ್ತಿಕೊಂಡರು. ಆ ಪೆನ್ನು ಕಾಗದಕ್ಕೆ ತಾಗಿದರೆ ಕಾಕಾ ನಾಳೆಯಿಂದ ಕೆಸರಿನ ಶೆಡ್ಡಿನಲ್ಲಿ.

ಅಷ್ಟರಲ್ಲಿ ಕಾಕಾ ಕುರ್ಚಿ ಸರಿಸಿ ಎದ್ದರು. ಹೊರಟೇ ಹೋದರು ಎಂದುಕೊಂಡೆ. ಅವರು ಹೋಗಿದ್ದು ಮೂಲೆಯಲ್ಲಿದ್ದ ಕುಡಿಯುವ ನೀರಿನ ಯಂತ್ರದ ಹತ್ತಿರ. ಒಂದು ಲೋಟ ತೆಗೆದು, ಅದರಿಂದ ನಲ್ಲಿಯ ಸನ್ನೆಯನ್ನು ಒತ್ತಿದರು. ನೀರು ಬಂತು.

“ಪುವಾನ್, ಲುಕ್. ಮೈ ಹ್ಯಾಂಡ್ ಪುಶ್, ಓಪನ್. ಮೈ ಹ್ಯಾಂಡ್ ಈಸ್ ಪ್ರೆಶರ್. ಶಿಪ್ ಕಮ್, ಬ್ಯಾಂಗ್, ಲೈನ್ ಕಟ್.” ಲೋಟ ಹಿಂದಕ್ಕೆಳೆದರು. ನೀರು ನಿಂತಿತು. “ಮೈ ಹ್ಯಾಂಡ್ ಗಾನ್. ಕ್ಲೋಸ್. ನೋಬಡಿ ಟೆಲ್ ಲಾ. ಇಟ್ ನೋ.”

ರೈಲಿನ ನಲ್ಲಿ, ವೇಷ ಬದಲಿಸಿಕೊಂಡು ಬಂದಿತ್ತು. ನಾನು ಕಣ್ಣು ಮುಚ್ಚಿಕೊಂಡೆ. ಬಾಲ ಎಲ್ಲಿದೆ ಎಂದು ನನಗೆ ಗೊತ್ತಿತ್ತಲ್ಲ. ಪುವಾನ್‌ಗೂ ಗೊತ್ತಿತ್ತು.

“ಚೆನ್ನಾಗಿದೆ” ಎಂದು ನಕ್ಕರು ಆಕೆ. “ಆದರೆ ಎಂಚಿಕ್, ನಳಿಗೆಯಲ್ಲಿ ಎಣ್ಣೆ ಹಾಗೇ ಉಳಿಯುತ್ತದಲ್ಲ? ಅದರ ತೂಕ ಕದವನ್ನು ತೆರೆದೇ ಇಟ್ಟರೆ?”

ಕಾಕಾನ ಮುಖ ಹಬ್ಬದ ಮುಖವಾಯಿತು. ಖಾಲಿ ಮೇಜಿನ ಮೇಲೆ ಇಲ್ಲದ ಪಂಪಿನ ಹಿಡಿ ಹಿಡಿದು ಮೆಲ್ಲಗೆ ತಿರುಗಿಸಿದರು, ಇನ್ನೊಂದು ಕೈಯ ತೋರುಬೆರಳನ್ನು ಮುಳ್ಳಿನಂತೆ ಇಳಿಸಿದರು, ಬೆರಳು ಅರ್ಧದಲ್ಲಿದ್ದಾಗ ಮೇಜು ಗುದ್ದಿದರು. ಠಪ್! ಮುಳ್ಳು ಸೊನ್ನೆಗೆ ಬಂದಿಲ್ಲ, ಕದ ಮುಚ್ಚಿದೆ. ಉಳಿದದ್ದು ಎಣ್ಣೆಯ ತೂಕಕ್ಕೆ ಬಿಟ್ಟ ಜಾಗ. ಇಂಗ್ಲಿಷ್, ಮಲಯ್, ಬೆರಳು ಮೂರೂ ಸೇರಿಸಿ ಹೇಳಿದರು. ಕೊನೆಗೆ, ಯಾರೂ ಕೇಳದಿದ್ದರೂ, “ಪೇಪರಿನಲ್ಲಿ ಬರೆದ ಆಳಕ್ಕಿಂತ ಕೆಳಗೆ ಇಳಿಸುತ್ತೇವೆ ಅಂದರೆ ನಾನು ಮುದ್ರೆ ಹಾಕಲ್ಲ. ಮ್ಯಾನೇಜರ್ ಹೇಳಿದ್ರೂ ಹಾಕಲ್ಲ” ಎಂದರು.

ಪುವಾನ್ ಪೆನ್ನು ಕಾಗದಕ್ಕೆ ಇಳಿಸಿದರು. “ಅದನ್ನೇ ನಾನು ಕೇಳಬೇಕೆಂದಿದ್ದೆ” ಎಂದು ಸಹಿ ಮಾಡಿ, ನನ್ನ ಕಡೆ ತಿರುಗಿ “ನೀನು ಉಸಿರಾಡಬಹುದು” ಎಂದರು.

ಮಧ್ಯಾಹ್ನದ ಮಳೆ ಶುರುವಾಗಿತ್ತು. ಮಾಮಕ್ ಅಂಗಡಿಗೆ ಹೋಗಲಾಗದೆ ಊಟ ತಪಾವ್, ಅಂದರೆ ಪಾರ್ಸೆಲ್, ತರಿಸಿ ಬೆಂಚಿನ ಬಳಿಯೇ ತಿಂದೆವು. ಕಾಕಾ ಕೈ ತೊಳೆದು, ಹೊಸ ತಗಡಿನ ಚೀಟಿ ಇಟ್ಟು, ಮುದ್ರೆ ಹಿಡಿದು ಸುತ್ತಿಗೆಯಿಂದ ಒಂದೇ ಏಟು ಹಾಕಿದರು. ನಾನು ಎಷ್ಟು ಹೊತ್ತು ತಡೆದುಕೊಳ್ಳಲಿ?

“ಆದ್ರೂ ಕಾಕಾ, ಆ ರೈಲಿನ ನಲ್ಲಿ ಉಪಮೆ ಪೂರ್ತಿ ಸರಿ ಇಲ್ಲ. ನಾನು ಮೈಸೂರು ರೈಲಲ್ಲಿ ಎಷ್ಟು ಸಲ ನೋಡಿದೀನಿ. ಕೈ ಬಿಟ್ಟ ಮೇಲೂ ಸೋರ್ತಾನೇ ಇರುತ್ತೆ.”

ಕಾಕಾ ಚೀಟಿಯ ಮೇಲಿನ ಮುದ್ರೆಯನ್ನು ಹೆಬ್ಬೆರಳಿನಿಂದ ಉಜ್ಜಿ ನನ್ನ ಕಣ್ಣ ಮುಂದೆ ಹಿಡಿದರು.

“ಆ ನಲ್ಲಿ ಮ್ಯಾಲ ಇದು ಇತ್ತೇನವಾ?”