ಮೆಟ್ಟಿಲು ಹತ್ತುವ ಹೆಂಗಸು

ಚಪ್ಪಲಿ ಅಂಗಡಿಯಲ್ಲಿ ದಿನವಿಡೀ ಊರವರ ಕಾಲು ಹಿಡಿದು ಬರುವ ಮನುಷ್ಯನಿಗೆ ಮನೆಯಲ್ಲಾದರೂ ಒಂದು ಪದವಿ ಬೇಡವೇ? ಯಾರೂ ಕೊಡದಿದ್ದಾಗ ಅವನೇ ದಯಪಾಲಿಸಿಕೊಂಡಿದ್ದ: ನಿರ್ದೇಶಕ. ಸ್ಟುಡಿಯೋ ಎಂದರೆ ಅಡುಗೆಮನೆಗೂ ಬಚ್ಚಲಿಗೂ ನಡುವಿನ ಮೂಲೆ. ಅಲ್ಲೊಂದು ಓಬೀರಾಯನ ಕಾಲದ ಕಂಪ್ಯೂಟರ್, ಅದರ ಮೇಲೆ ಕುಂಬಳಕಾಯಿಯಂತೆ ಹಿಂದಕ್ಕೆ ಉಬ್ಬಿದ ಮಾನಿಟರ್. ಗುಜರಿಯಿಂದ ತಂದು, ಬಿಚ್ಚಿ, ಮತ್ತೆ ಜೋಡಿಸಿ, ಮಿಕ್ಕುಳಿದ ಸ್ಕ್ರೂಗಳನ್ನು ಹೆಂಡತಿಗೆ ಕಾಣದಂತೆ ಡಬ್ಬಿಗೆ ತುಂಬಿಟ್ಟಿದ್ದ.

ಅದರಲ್ಲಿ ಅವನೊಂದು ಆಟ ಕಟ್ಟುತ್ತಿದ್ದ. ಹಳೆಯ ವಿಡಿಯೋ ಗೇಮುಗಳಂತೆ ಚೌಕ ಚೌಕ ಚುಕ್ಕೆಗಳ ಚಿತ್ರ. ಲಿಫ್ಟಿಲ್ಲದ ಕಟ್ಟಡದಲ್ಲಿ ಒಬ್ಬ ಹೆಂಗಸು ಕೈಚೀಲ ಹಿಡಿದು ಮೇಲಿನ ಮನೆ ಸೇರಬೇಕು. ನಡುವೆ ಉರುಳಿ ಬರುವ ಬಕೆಟ್ಟುಗಳು, ಮಾತಿಗೆ ಹಿಡಿದು ನಿಲ್ಲಿಸುವ ನೆರೆಯವಳು. ಬರುವ ಭಾನುವಾರ ಹಳೇ ಕಂಪ್ಯೂಟರ್ ಹುಚ್ಚರ ವಾರ್ಷಿಕ ಕೂಟ. ಹೋದ ವರ್ಷ ಕೂಟದ ಬೆಳಿಗ್ಗೆಯೇ ಯಂತ್ರ ಮನೆಯಲ್ಲಿ ಹೊಗೆ ಬಿಟ್ಟು, ಇವನು ಕೈಬೀಸಿಕೊಂಡು ಹೋಗಿ ಎಲ್ಲರ ನಗೆಗೀಡಾಗಿದ್ದ. ಈ ಸಲ ಆಟ ತೋರಿಸಿಯೇ ತೀರುತ್ತೇನೆಂದು ಕಂಡಕಂಡವರಿಗೆಲ್ಲ ಹೇಳಿಬಿಟ್ಟಿದ್ದ.

ಎಲ್ಲ ಸಿದ್ಧವಾಗಿತ್ತು. ಆದರೆ ಹೆಂಗಸು ಕುಂಟುತ್ತಿದ್ದಳು.

ಅದೇನು ಸುಮ್ಮನೆ ಗೀಚಿದ ಚಿತ್ರವಲ್ಲ. ಹೆಂಡತಿಯನ್ನೇ ತಮ್ಮ ಕಟ್ಟಡದ ಮೆಟ್ಟಿಲು ಹತ್ತಿಸಿ, ಮೊಬೈಲಿನಲ್ಲಿ ವಿಡಿಯೋ ಹಿಡಿದು, ಹೆಜ್ಜೆಹೆಜ್ಜೆಗೂ ನಿಲ್ಲಿಸಿ ನೋಡಿ ಬರೆದದ್ದು. ಆದರೂ ಪರದೆಯ ಮೇಲೆ ಆಕೆ ಬಲಗಾಲು ಮೇಲಿಟ್ಟು, ಒಂದು ಗಳಿಗೆ ತಡೆದು, ಎಡಗಾಲನ್ನು ಅದರ ಪಕ್ಕಕ್ಕೆ ಎಳೆದುಕೊಳ್ಳುತ್ತಿದ್ದಳು.

ಅವನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಅಂಗಡಿಯಲ್ಲಿ ಒಬ್ಬ ಗಿರಾಕಿಗೆ ಎರಡೂ ಎಡಗಾಲಿನ ಚಪ್ಪಲಿ ಕಟ್ಟಿ ಕಳಿಸಿದ. ಊಟಕ್ಕೆ ಕೂತರೆ ಮೇಜಿನ ಕೆಳಗೆ ಅವನ ಕಾಲು ಹೊಲಿಗೆ ಯಂತ್ರದಂತೆ ಕುಣಿಯುತ್ತಿತ್ತು.

“ರೀ, ಆ ಕಾಲು ನಿಲ್ಸಿ. ಲೋಟ ಬೀಳತ್ತೆ,” ಎಂದಳು ಹೆಂಡತಿ.

“ನಿಂಗೆ ಲೋಟದ ಚಿಂತೆ. ಅಲ್ಲಿ ನನ್ ಹೀರೋಯಿನ್ ಕುಂಟ್ತಿದಾಳೆ ಕಣೇ. ಇನ್ನೊಂದ್ಸಲ ಮೆಟ್ಲು ಹತ್ತಿ ತೋರ್ಸು.”

“ಮತ್ತೆನಾ?”

“ಕಲೆಗೋಸ್ಕರ.”

“ಸರಿ, ಹಾಗಾದ್ರೆ ಕಲೆ ಜೊತೆ ಕಸಾನೂ ಕೆಳಗಿಟ್ಟು ಬರ್ತೀನಿ.”

ಇಳಿದಳು, ಹತ್ತಿದಳು. ಮೇಲಿನಿಂದ ನಿರ್ದೇಶಕನ ಕೂಗು: “ಸಹಜವಾಗಿ ಬಾರೇ!”

“ಸಹಜವಾಗೇ ಬರ್ತಿದೀನಲ್ರೀ!”

ವಿಡಿಯೋದಲ್ಲಿ ಮತ್ತೆ ಅದೇ ತಡೆ. ಮೊಬೈಲಿನದೇ ದೋಷ ಎಂದುಕೊಂಡ. ಆಮೇಲೆ ಕಂಪ್ಯೂಟರಿನ ಮೇಲೆ ಅನುಮಾನ ಬಂತು. ಗೆಳೆಯನಾದ ಟಿವಿ ರಿಪೇರಿಯವನನ್ನು ಕರೆಸಿದ. ಅವನು ಪೆಟ್ಟಿಗೆ ಬಿಚ್ಚಿ, ಧೂಳು ಊದಿ, ಮುಚ್ಚಿ ಎದ್ದು ನಿಂತ. “ನಿರ್ದೇಶಕರೇ, ಯಂತ್ರ ಗಟ್ಟಿಮುಟ್ಟಾಗಿದೆ. ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ!”

ಆ ಮಾತು ನಾಟಿತು. ಶುಕ್ರವಾರ ಸಂಜೆ ಅಂಗಡಿಯಿಂದ ಬಂದವನೇ ಹಟಕ್ಕೆ ಬಿದ್ದು, ತಡೆಯುವ ಚಿತ್ರಗಳನ್ನೆಲ್ಲ ಅಳಿಸಿ, ಬಲಗಾಲಿನ ಹೆಜ್ಜೆಯನ್ನೇ ಎಡಗಾಲಿಗೂ ಅಂಟಿಸಿದ. ಹೆಂಗಸು ಜಿಂಕೆಯಂತೆ ಹಾರಿ ಹತ್ತಿದಳು. ಬಟ್ಟೆ ಮಡಚುತ್ತಿದ್ದ ಹೆಂಡತಿಯನ್ನು ಎಳೆತಂದು ನಿಲ್ಲಿಸಿದ.

“ಯಾರಿದು?”

“ನೀನೇ ಕಣೇ!”

ಅವಳು ಬಗ್ಗಿ ನೋಡಿದಳು. “ನಾನಾ? ನಾನು ಹೀಗೆ ಮೆಟ್ಲು ಹತ್ತಿ ವರ್ಷದ ಮೇಲಾಯ್ತಲ್ರೀ. ಚೆನ್ನಾಗಿದಾಳೆ ಬಿಡಿ, ಯಾರೋ ಪುಣ್ಯಾತ್ಗಿತ್ತಿ.” ಗೋಡೆ ಹಿಡಿದುಕೊಂಡು ಒಳಗೆ ಹೋದಳು.

ಮೇಜಿನ ಕೆಳಗೆ ಕುಣಿಯುತ್ತಿದ್ದ ಕಾಲು ನಿಂತಿತು. ಎದ್ದು ಬಾಗಿಲ ಬಳಿ ಹೋಗಿ ಅವಳ ಚಪ್ಪಲಿ ಮಗುಚಿ ನೋಡಿದ. ಬಲದ್ದು ಹಿಮ್ಮಡಿಯಲ್ಲಿ ಹಾಳೆಯಷ್ಟು ತೆಳ್ಳಗಾಗಿತ್ತು, ಎಡದ್ದು ನಿನ್ನೆ ಕೊಂಡಂತಿತ್ತು. ಇಂಥ ಜೋಡಿ ತಂದ ಅಪರಿಚಿತರಿಗೂ ‘ಮಂಡಿ ತೋರಿಸಿಕೊಳ್ಳಿ’ ಎಂದು ಬುದ್ಧಿ ಹೇಳುವ ಮಹಾಶಯ ಇವನೇ.

“ಯಾಕೇ ಹೇಳ್ಲಿಲ್ಲ?”

“ಹೋದ ವರ್ಷಾನೇ ಹೇಳಿದ್ದೆ. ನೀವಾಗ ಹೊಗೆ ಆರಿಸ್ತಿದ್ರಿ.”

ಶನಿವಾರ ರಜೆ ಹಾಕಿ ಮೂಳೆ ಡಾಕ್ಟರ ಬಳಿ ಕರೆದೊಯ್ದ. ವಿಡಿಯೋ ತೋರಿಸಿ, ಯಾವ ಹೆಜ್ಜೆಯಲ್ಲಿ ಕಾಲು ತಡೆಯುತ್ತದೆಂದು ಬಲು ಗತ್ತಿನಿಂದ ವಿವರಿಸಿದ. ಡಾಕ್ಟರು ಕೇಳಿದ್ದು ಒಂದೇ: “ಎಷ್ಟು ಸಲ ಹತ್ತಿಸಿದ್ರಿ ಇವರನ್ನ?” ನಿರ್ದೇಶಕರು ಮೊಬೈಲನ್ನು ಜೇಬಿಗಿಳಿಸಿದರು.

ಮರಳುವಾಗ ಮಾತ್ರೆಯ ಚೀಲ, ಅವಳ ಕೈಚೀಲ ಎರಡೂ ಅವನ ಕೈಯಲ್ಲೇ. ಎರಡು ಮೆಟ್ಟಿಲು ಮುಂದೆ ಹಾರುವುದು, ನೆನಪಾಗಿ ಹಿಂದಿರುಗುವುದು. ಅರ್ಧ ದಾರಿಯಲ್ಲಿ ಅವಳು ಮೆಟ್ಟಿಲ ಮೇಲೆ ಕೂತಳು. ಅವನೂ ಕೂತ.

“ನೀವು ಹೋಗ್ರೀ. ನಾಳೆ ಕೂಟ ಅಲ್ವಾ?”

“ಆಟಕ್ಕೆ ಆ ಕುಂಟು ವಾಪಸ್ ಹಾಕ್ಬೇಕು. ಹೀಗೆ ಅರ್ಧ ದಾರೀಲಿ ಅವಳು ಕೂತ್ಕೊಳ್ಳೋಕೆ ಕೀಬೋರ್ಡಲ್ಲಿ ಒಂದು ಕೀ ಬೇರೆ ಬೇಕು.”

“ನಾಳೆಗೆ ಆಗತ್ತಾ?”

“ಎಲ್ಲಿಂದ ಆಗತ್ತೆ.”

“ನಗ್ತಾರೆ.”

“ನಗ್ಲಿ. ಅವರಿಗೂ ರೂಢಿಯಾಗಿದೆ, ನಂಗೂ.”

ಅಷ್ಟರಲ್ಲಿ ಕೆಳಗಿನಿಂದ ನೆರೆಯವಳು ಏದುಸಿರು ಬಿಡುತ್ತ ಬಂದವಳು, “ಏನು, ಗಂಡ ಹೆಂಡ್ತಿ ಮೆಟ್ಲ ಮೇಲೇ ಸಂಸಾರ ಹೂಡಿದೀರಿ?” ಎಂದು ಮಾತಿಗೆ ನಿಂತೇಬಿಟ್ಟಳು. ಮಾತು ಮುಗಿಯುವ ಲಕ್ಷಣ ಕಾಣಲಿಲ್ಲ. ಅವನ ಕಾಲು ಮತ್ತೆ ಕುಣಿಯತೊಡಗಿತು. ಹೆಂಡತಿ ನೆರೆಯವಳ ಮಾತಿಗೆ ಹೂಂಗುಟ್ಟುತ್ತಲೇ ತನ್ನ ಕೈಚೀಲವನ್ನೆತ್ತಿ ಅವನ ಮಂಡಿಯ ಮೇಲೆ ಒತ್ತಿಟ್ಟಳು.